ಗ್ರೋ ಲೈಟ್ ಅಂದರೆ ಏನು?

ಬಿಸಿಲು ಬೀಳದ ಕಡೆ ಗಿಡಕ್ಕೆ ಬೆಳಕು ಕೊಡುವ ದೀಪವೇ ಗ್ರೋ ಲೈಟ್. ಹೆಸರು ಕೇಳಿದರೆ ಏನೋ ವಿಶೇಷ ದೀಪ ಅನ್ನಿಸುತ್ತದೆ, ಅಲ್ವಾ? ಡಬ್ಬದ ಮೇಲೆ ಆ ಹೆಸರು ಇರುವುದು ಮುಖ್ಯವಲ್ಲ. ಎಲೆಗೆ ಎಂಥ ಬೆಳಕು ಬೀಳುತ್ತದೆ, ಮನೆಯವರಿಗೆ ಅದರಿಂದ ತೊಂದರೆ ಇಲ್ಲವೇ, ಇವೆರಡನ್ನೇ ನೋಡಬೇಕು.

ಗಿಡ ಆಹಾರ ಮಾಡಿಕೊಳ್ಳುವುದು ಮುಖ್ಯವಾಗಿ 400ರಿಂದ 700 ನ್ಯಾನೋಮೀಟರ್ ಅಲೆಯುದ್ದದ ಬೆಳಕಿನಿಂದ. ಇದಕ್ಕೆ ಪಾರ್ ಅನ್ನುತ್ತಾರೆ. ಲೂಮೆನ್ ಅನ್ನುವುದು ದೀಪ ನಮ್ಮ ಕಣ್ಣಿಗೆ ಎಷ್ಟು ಬೆಳಕಾಗಿ ಕಾಣುತ್ತದೆ ಅನ್ನುವ ಲೆಕ್ಕ. ಹಗಲಲ್ಲಿ ನಮ್ಮ ಕಣ್ಣಿಗೆ ಎಲ್ಲಕ್ಕಿಂತ ಜಾಸ್ತಿ ಹೊಳೆಯುವುದು ಸುಮಾರು 555 ನ್ಯಾನೋಮೀಟರಿನ ಹಸಿರು, ಆದರೆ ಎಲೆಯ ಪತ್ರಹರಿತ್ತು ಹೆಚ್ಚಾಗಿ ಹೀರುವುದು ನೀಲಿ ಮತ್ತು ಕೆಂಪು, ಹಾಗಾಗಿ ಬರೀ ಲೂಮೆನ್ ನೋಡಿ ಗಿಡಕ್ಕೆ ಸಾಕು ಅನ್ನಲು ಆಗುವುದಿಲ್ಲ. ಪಿಪಿಎಫ್‌ಡಿ ಎಷ್ಟು ಅಂತ ನೋಡಿ. ಒಂದು ಚದರ ಮೀಟರ್ ಜಾಗದ ಮೇಲೆ ಸೆಕೆಂಡಿಗೆ ಎಷ್ಟು ಪಾರ್ ಬೆಳಕಿನ ಕಣ ಬೀಳುತ್ತದೆ ಅನ್ನುವ ಲೆಕ್ಕ ಅದು. ಎಷ್ಟು ದೂರದಲ್ಲಿ ಅಳೆದದ್ದು ಅಂತ ಹೇಳದಿದ್ದರೆ ಆ ಸಂಖ್ಯೆ ಸುಮ್ನೆ.

ನೀಲಿ, ಕೆಂಪು ಬೆಳಕು ಮಾತ್ರ ಬೆರೆಸಿದ ನೇರಳೆ ದೀಪಕ್ಕಿಂತ ಬಿಳಿ ಎಲ್‌ಇಡಿಯೇ ಮನೆಗೆ ವಾಸಿ. ಅದರಲ್ಲೂ ನೀಲಿ, ಕೆಂಪು ಎರಡೂ ಇರುತ್ತವೆ. ನೇರಳೆ ಬೆಳಕಲ್ಲಿ ಎಲೆಯ ನಿಜವಾದ ಬಣ್ಣ ಕಾಣುವುದಿಲ್ಲ, ಹಳದಿಯಾಗಿದ್ದರೂ ಸುಲಭವಾಗಿ ಗೊತ್ತಾಗುವುದಿಲ್ಲ. ಒಂದು ಮಾತು ದಯವಿಟ್ಟು ನೆನಪಿಡಿ: ರೋಗಾಣು ಕೊಲ್ಲುವ ಯುವಿ-ಸಿ ದೀಪವನ್ನು ಗಿಡದ ದೀಪ ಅಂದುಕೊಂಡು ಹಾಕಲೇಬೇಡಿ. ಅದು ಕಣ್ಣು, ಚರ್ಮ, ಎಲೆ ಮೂರನ್ನೂ ಸುಡುತ್ತದೆ.

ಇನ್ನು ಬಿಸಿ. ಹಳೇ ಕಾಲದ ತಂತಿ ಬಲ್ಬಿಗೆ ಹೋಗುವ ಕರೆಂಟಲ್ಲಿ ಬಹುಪಾಲು ಶಾಖವಾಗಿಯೇ ಹೋಗುತ್ತದೆ, ಹತ್ತಿರ ಇಟ್ಟರೆ ಎಲೆ ಬಾಡುತ್ತದೆ. ಎಲ್‌ಇಡಿ ಅಷ್ಟು ಸುಡದಿದ್ದರೂ ಅದರ ಹಿಂಭಾಗ ಬಿಸಿಯಾಗುತ್ತದೆ, ಗಾಳಿ ಆಡಲು ಜಾಗ ಬಿಡಿ. ಎಲೆ ಇರುವ ಎತ್ತರದಲ್ಲಿ ಅಂಗೈ ಹಿಡಿದು ನೋಡಿ. ಅರ್ಧ ನಿಮಿಷದಲ್ಲಿ ಚುರುಕ್ ಅಂದರೆ ದೀಪವನ್ನು ಮೇಲಕ್ಕೆತ್ತಿ.

ನೀರು ಚಿಮುಕಿಸುವ ಜಾಗವಾದರೆ ಐಪಿ ಸಂಖ್ಯೆ, ಅಂದರೆ ಧೂಳು, ನೀರು ಒಳಗೆ ಹೋಗದಂತೆ ದೀಪಕ್ಕೆ ಎಷ್ಟು ರಕ್ಷಣೆ ಇದೆ ಅಂತ ಹೇಳುವ ಸಂಖ್ಯೆ ನೋಡಿಕೊಳ್ಳಿ. ಐಪಿ20 ಅಂದರೆ ನೀರಿನಿಂದ ರಕ್ಷಣೆಯೇ ಇಲ್ಲ. ಐಪಿ65 ಆದರೆ ನೀರಿನ ಚಿಮ್ಮು ತಡೆಯುತ್ತದೆ. ವೈರನ್ನು ಪ್ಲಗ್ಗಿಗಿಂತ ಕೆಳಗೆ ಸ್ವಲ್ಪ ಜೋತು ಬಿಟ್ಟು ಆಮೇಲೆ ಮೇಲಕ್ಕೆ ಒಯ್ಯಿರಿ, ಆಗ ವೈರಿನ ಮೇಲೆ ಇಳಿದು ಬಂದ ಹನಿ ಪ್ಲಗ್ಗಿನೊಳಗೆ ಹೋಗದೆ ಅಲ್ಲೇ ಕೆಳಗೆ ತೊಟ್ಟಿಕ್ಕುತ್ತದೆ.

ದಿನಕ್ಕೆ 12ರಿಂದ 14 ಗಂಟೆ ಬೆಳಕು ಹೆಚ್ಚಿನ ಎಲೆಗಿಡಗಳಿಗೆ ಸಾಕು, ರಾತ್ರಿ ಕತ್ತಲೂ ಬೇಕು. ಟೈಮರ್ ಹಾಕಿಬಿಡಿ. ಕಾಂಡ ಸಣ್ಣಗೆ ಉದ್ದವಾಗಿ ದೀಪದ ಕಡೆ ವಾಲಿದರೆ ಬೆಳಕು ಕಮ್ಮಿ, ಮೇಲಿನ ಎಲೆ ಬಿಳಿಚಿಕೊಂಡರೆ ಜಾಸ್ತಿ ಆಗಿರಬಹುದು. ಸುಟ್ಟ ಎಲೆ ಮತ್ತೆ ಹಸಿರಾಗುವುದಿಲ್ಲ. ದೀಪ ಸರಿಸಿದ ಮೇಲೆ ಬರುವ ಹೊಸ ಚಿಗುರನ್ನು ನೋಡಿ.