ಹಾಸಿಗೆಗಳ ಲೆಕ್ಕದಿಂದ ವೈದ್ಯಕೀಯ ಕಾಲೇಜನ್ನು ಅಳೆಯಬೇಡಿ

ಪ್ರಶ್ನೆ: ಮೊದಲ ವರ್ಷದಿಂದಲೇ ರೋಗಿಗಳ ಬಳಿ ಕಲಿಯಲು ಮತ್ತು ಸಂಶೋಧನೆಯಲ್ಲಿ ತೊಡಗಲು ಅವಕಾಶವಿರುವ ವೈದ್ಯಕೀಯ ಕಾಲೇಜನ್ನು ಆರಿಸಿಕೊಳ್ಳುವುದು ಹೇಗೆ? ಹೆಚ್ಚು ಹಾಸಿಗೆಗಳಿರುವ ಆಸ್ಪತ್ರೆಯಿದ್ದರೆ ಕಲಿಕೆ ತಾನಾಗಿಯೇ ಚೆನ್ನಾಗಿರುತ್ತದೆಯಲ್ಲವೇ?

ಉತ್ತರ: ಈ ಪ್ರಶ್ನೆಗೆ ಹಿಂದೆಯೂ ಹಲವು ಬಾರಿ ಉತ್ತರಿಸಿದ್ದೇನೆ. ಪ್ರವೇಶದ ಸಮಯ ಬಂದಾಗಲೆಲ್ಲ ಅದು ಮತ್ತೆ ಬರುತ್ತದೆ, ಬರುವಾಗ ಹಾಸಿಗೆಗಳ ಸಂಖ್ಯೆಯನ್ನೂ ತಪ್ಪದೆ ಕರೆತರುತ್ತದೆ. ಆದ್ದರಿಂದ ಈ ಸಲ ಪ್ರಶ್ನೆಯ ಎರಡನೆಯ ಭಾಗವನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಅದು ಇತ್ಯರ್ಥವಾಗದೆ ಬೇರೆ ಯಾವ ಸಲಹೆಯೂ ಕಿವಿಗೆ ಬೀಳುವುದಿಲ್ಲ.

ಹಾಸಿಗೆಗಳ ಸಂಖ್ಯೆಯಿಂದ ತಿಳಿಯುವುದು ಆಸ್ಪತ್ರೆಯ ಗಾತ್ರ ಮಾತ್ರ. ಆ ಹಾಸಿಗೆಯ ಪಕ್ಕದಲ್ಲಿ ಕುಳಿತು ರೋಗಿಯ ಮಾತು ಕೇಳುವವರು ಯಾರು, ಹೊಟ್ಟೆ ಮುಟ್ಟಿ ನೋಡುವವರು ಯಾರು, ನೋಡಿದ್ದು ಸರಿಯೇ ಎಂದು ತಿದ್ದುವವರು ಇದ್ದಾರೆಯೇ ಎಂಬ ಯಾವ ಸಂಗತಿಯೂ ಅದರಿಂದ ತಿಳಿಯುವುದಿಲ್ಲ. ರೋಗಿಗಳ ದಟ್ಟಣೆ ಮಿತಿಮೀರಿದ ವಾರ್ಡಿನಲ್ಲಿ ಕೆಲಸವನ್ನು ಬೇಗ ಮುಗಿಸುವುದೇ ಮುಖ್ಯವಾಗುತ್ತದೆ; ಕಿರಿಯ ವೈದ್ಯರು ಮತ್ತು ಸ್ನಾತಕೋತ್ತರ ವಿದ್ಯಾರ್ಥಿಗಳು ಅದನ್ನು ಮುಗಿಸುತ್ತಾರೆ, ಮೊದಲ ವರ್ಷದವರು ಹಿಂದಿನ ಸಾಲಿನಲ್ಲಿ ನಿಂತು ಪ್ರಾಧ್ಯಾಪಕರ ಬೆನ್ನು ನೋಡಿಕೊಂಡು ಹಿಂದಿರುಗುತ್ತಾರೆ.

‘ಹೆಚ್ಚು ರೋಗಿಗಳನ್ನು ನೋಡಿದರೆ ಕೈ ತಾನಾಗಿಯೇ ಪಳಗುತ್ತದೆ’ ಎಂಬ ವಾದವನ್ನು ಇನ್ನಷ್ಟು ಹತ್ತಿರದಿಂದ ಪರಿಶೀಲಿಸೋಣ. ರಕ್ತದೊತ್ತಡ ಅಳೆಯುವ ಕೆಲಸವನ್ನೇ ತೆಗೆದುಕೊಳ್ಳಿ. ರಷ್ಯಾದ ವೈದ್ಯ ನಿಕೊಲಾಯ್ ಕೊರೊಟ್ಕಾಫ್ 1905ರಲ್ಲಿ ವಿವರಿಸಿದ ಶಬ್ದಗಳನ್ನು ಸ್ಟೆತಾಸ್ಕೋಪಿನಲ್ಲಿ ಆಲಿಸುವುದು ಯಾವ ವಿದ್ಯಾರ್ಥಿಗೂ ಒಂದೇ ದಿನದಲ್ಲಿ ಬರುವಂತೆ ಕಾಣುತ್ತದೆ. ಆದರೆ ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿದರೆ ಒತ್ತಡ ಇರುವುದಕ್ಕಿಂತ ಹೆಚ್ಚು ತೋರುತ್ತದೆ. ತೋಳಿಗೆ ಆಧಾರ ಕೊಡದೆ ಇಳಿಬಿಟ್ಟರೂ ಹಾಗೆಯೇ. ಸೆಕೆಂಡಿಗೆ ಪಾದರಸದ 2–3 ಮಿಲಿಮೀಟರಿನಂತೆ ಇಳಿಸಬೇಕಾದ ಪಟ್ಟಿಯ ಒತ್ತಡವನ್ನು ಅವಸರದಲ್ಲಿ ಸರ್ರನೆ ಇಳಿಸಿಬಿಟ್ಟರೆ ಮೇಲಿನ ಅಂಕಿ ಕಡಿಮೆಯಾಗಿಯೂ ಕೆಳಗಿನದು ಹೆಚ್ಚಾಗಿಯೂ ದಾಖಲಾಗುತ್ತದೆ. ಈ ತಪ್ಪುಗಳು ಮಾಡುವವರಿಗೆ ಗೊತ್ತಾಗುವಂಥವಲ್ಲ, ಏಕೆಂದರೆ ಪ್ರತಿ ಸಲವೂ ಯಾವುದೋ ಒಂದು ಅಂಕಿ ಸಿಕ್ಕೇ ಸಿಗುತ್ತದೆ. ಪಕ್ಕದಲ್ಲಿ ನಿಂತು ನೋಡುವವರಿಲ್ಲದೆ ಸಾವಿರ ರೋಗಿಗಳ ರಕ್ತದೊತ್ತಡ ಅಳೆದ ವಿದ್ಯಾರ್ಥಿ ಒಂದೇ ತಪ್ಪನ್ನು ಸಾವಿರ ಸಲ ಅಭ್ಯಾಸ ಮಾಡಿರುತ್ತಾನೆ. ಎರಡು ಜೊತೆ ಕಿವಿಕೊಳವೆಗಳಿರುವ ಬೋಧನಾ ಸ್ಟೆತಾಸ್ಕೋಪನ್ನು ಹಂಚಿಕೊಂಡು, ಅದೇ ಶಬ್ದವನ್ನು ಅದೇ ಕ್ಷಣದಲ್ಲಿ ಕೇಳುತ್ತಾ ‘ಈಗ, ಇಲ್ಲಿ’ ಎಂದು ತೋರಿಸುವ ಅಧ್ಯಾಪಕರೊಬ್ಬರು ಸಿಕ್ಕವನಿಗೆ ಹತ್ತು ರೋಗಿಗಳಲ್ಲೇ ಅದು ದಕ್ಕುತ್ತದೆ.

ಇತಿಹಾಸವೂ ಇದನ್ನೇ ಹೇಳುತ್ತದೆ. 1893ರಲ್ಲಿ ಆರಂಭವಾದ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವೈದ್ಯಕೀಯ ಶಾಲೆಯಲ್ಲಿ ಪ್ರಾಧ್ಯಾಪಕ ವಿಲಿಯಂ ಆಸ್ಲರ್ ವಿದ್ಯಾರ್ಥಿಗಳನ್ನು ಉಪನ್ಯಾಸದ ಕೊಠಡಿಯಿಂದ ವಾರ್ಡಿಗೆ ಕರೆತಂದು, ರೋಗಿಗಳ ಆರೈಕೆಯಲ್ಲಿ ಅವರಿಗೂ ಹೊಣೆ ಹೊರಿಸಿದರು. ಅಮೆರಿಕ ಮತ್ತು ಕೆನಡಾದ ವೈದ್ಯಕೀಯ ಶಾಲೆಗಳನ್ನು ಕುರಿತ 1910ರ ಫ್ಲೆಕ್ಸ್ನರ್ ವರದಿಯ ನಂತರ, ಮೊದಲ ಎರಡು ವರ್ಷ ಮೂಲವಿಜ್ಞಾನ, ಉಳಿದ ಎರಡು ವರ್ಷ ಆಸ್ಪತ್ರೆ ಎಂಬ ವಿಭಜನೆ ಅಲ್ಲಿ ಗಟ್ಟಿಯಾಯಿತು. ಅದನ್ನು ಸಡಿಲಿಸಿದವರಲ್ಲಿ ಮುಂಚೂಣಿಯಲ್ಲಿದ್ದುದು ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯ. 1952ರಲ್ಲಿ ಅದು ತಂದ ಪಠ್ಯಕ್ರಮದಲ್ಲಿ ಮೊದಲ ವರ್ಷದ ವಿದ್ಯಾರ್ಥಿಗೆ ವಹಿಸುತ್ತಿದ್ದುದು ಒಂದು ಕುಟುಂಬವನ್ನು, ಸಾಮಾನ್ಯವಾಗಿ ಗರ್ಭಿಣಿಯಿರುವ ಮನೆಯನ್ನು. ತಪಾಸಣೆ, ಹೆರಿಗೆ, ಮಗುವಿನ ಬೆಳವಣಿಗೆ, ಮನೆಯವರ ಆತಂಕ, ಇವನ್ನೆಲ್ಲ ಆ ವಿದ್ಯಾರ್ಥಿ ತಿಂಗಳುಗಟ್ಟಲೆ ಹತ್ತಿರದಿಂದ ನೋಡುತ್ತಿದ್ದ. ಆರಂಭದ ಚಿಕಿತ್ಸಾ ತರಬೇತಿಗೆ ಇದಕ್ಕಿಂತ ಒಳ್ಳೆಯ ಮಾದರಿ ನನಗೆ ಗೊತ್ತಿಲ್ಲ, ಮತ್ತು ಇದಕ್ಕೆ ಹಾಸಿಗೆಗಳ ದೊಡ್ಡ ಸಂಖ್ಯೆಯೇನೂ ಬೇಕಾಗಿರಲಿಲ್ಲ.

ಹಾಗಾದರೆ ಕೇಳಬೇಕಾದದ್ದೇನು? ಕಾಲೇಜಿನ ಕಚೇರಿಯನ್ನು ಬಿಟ್ಟು ಅಲ್ಲಿನ ಎರಡನೆಯ ವರ್ಷದ ವಿದ್ಯಾರ್ಥಿಗಳನ್ನು ಕೇಳಿ: ಹೋದ ವರ್ಷ ನೀವು ನೀವಾಗಿಯೇ ಎಷ್ಟು ರೋಗಿಗಳೊಡನೆ ಮಾತನಾಡಿದಿರಿ, ನಿಮ್ಮ ತಂಡದಲ್ಲಿ ಎಷ್ಟು ಮಂದಿ ಇದ್ದರು, ನೀವು ಪರೀಕ್ಷಿಸುವುದನ್ನು ಕಣ್ಣಾರೆ ನೋಡಿ ತಿದ್ದಿದವರು ಯಾರು? ಉತ್ತರ ತಡವರಿಸಿದರೆ ಅದೇ ಉತ್ತರ. ಗೊಂಬೆಗಳ ಮೇಲೆ, ನಟಿಸುವ ರೋಗಿಗಳ ಜೊತೆ ನಡೆಸುವ ತರಬೇತಿ ಒಳ್ಳೆಯ ಪೂರ್ವಸಿದ್ಧತೆ. ಅದನ್ನೇ ರೋಗಿಗಳ ಸಂಪರ್ಕವೆಂದು ಲೆಕ್ಕ ತೋರಿಸುವ ಕಾಲೇಜಿನ ಬಗ್ಗೆ ಎಚ್ಚರವಿರಲಿ.

ಸಂಶೋಧನೆಯ ವಿಷಯದಲ್ಲೂ ಕಟ್ಟಡ ಮತ್ತು ಉಪಕರಣಗಳಿಗಿಂತ ಸಮಯ ಮತ್ತು ಮಾರ್ಗದರ್ಶಕರು ಮುಖ್ಯ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯವು ಮೂಲವಿಜ್ಞಾನವನ್ನು ಸುಮಾರು ಒಂದು ವರ್ಷಕ್ಕೆ ಇಳಿಸಿ, ಮೂರನೆಯ ವರ್ಷವನ್ನು ಸಂಶೋಧನೆಗೆ ಬಿಟ್ಟುಕೊಟ್ಟದ್ದು ಈ ತಿಳಿವಳಿಕೆಯಿಂದಲೇ. ಪಾಲ್ ಲ್ಯಾಂಗರ್‌ಹಾನ್ಸ್ ಮೇದೋಜ್ಜೀರಕದ (ಪ್ಯಾಂಕ್ರಿಯಾಸ್) ದ್ವೀಪಕೋಶಗಳನ್ನು 1869ರ ತಮ್ಮ ಪದವಿ ಪ್ರಬಂಧದಲ್ಲಿ ವರ್ಣಿಸಿದಾಗ ಅವರಿನ್ನೂ ಬರ್ಲಿನ್ನಿನಲ್ಲಿ ವಿದ್ಯಾರ್ಥಿ. 1916ರಲ್ಲಿ ಜಾನ್ಸ್ ಹಾಪ್ಕಿನ್ಸ್‌ನ ವಿದ್ಯಾರ್ಥಿ ಜೇ ಮೆಕ್ಲೀನ್, ರಕ್ತವನ್ನು ಹೆಪ್ಪುಗಟ್ಟಿಸುವ ವಸ್ತುವನ್ನು ಅರಸುತ್ತಾ ಹೆಪ್ಪುಗಟ್ಟದಂತೆ ತಡೆಯುವ ವಸ್ತುವನ್ನು ಕಂಡರು. ಹೆಪಾರಿನ್ ಎಂಬ ಔಷಧದ ಕಥೆ ಶುರುವಾದದ್ದು ಅಲ್ಲಿಂದ. ಅವರ ಬೆನ್ನಿಗೆ ವಿಲಿಯಂ ಹೋವೆಲ್ ಎಂಬ ಮಾರ್ಗದರ್ಶಕರಿದ್ದರು, ಕೈಯಲ್ಲೊಂದು ಸ್ಪಷ್ಟವಾದ ಪ್ರಶ್ನೆಯಿತ್ತು.

ಇಲ್ಲಿ ಯಾರೂ ಕೇಳದ, ಆದರೆ ಕೇಳಬೇಕಾದ ಪ್ರಶ್ನೆಯೊಂದಿದೆ: ಸಂಶೋಧಕರಾಗುವ ಉದ್ದೇಶವೇ ಇಲ್ಲದವರಿಗೆ ಇದೆಲ್ಲ ಏಕೆ ಬೇಕು? ‘ಈ ಔಷಧ ಹೃದಯಾಘಾತದ ಅಪಾಯವನ್ನು ಅರ್ಧಕ್ಕೆ ಇಳಿಸುತ್ತದೆ’ ಎಂಬ ಮಾತನ್ನು ವೈದ್ಯರು ವೃತ್ತಿಯುದ್ದಕ್ಕೂ ಕೇಳುತ್ತಲೇ ಇರುತ್ತಾರೆ. ನೂರರಲ್ಲಿ 40 ಮಂದಿಗೆ ಆಗುತ್ತಿದ್ದದ್ದು 20ಕ್ಕೆ ಇಳಿದರೂ ಅರ್ಧವೇ, 2 ಮಂದಿಗೆ ಆಗುತ್ತಿದ್ದದ್ದು ಒಬ್ಬರಿಗೆ ಇಳಿದರೂ ಅರ್ಧವೇ. ಎರಡನೆಯದರಲ್ಲಿ ಒಬ್ಬರಿಗೆ ಲಾಭವಾಗಲು ನೂರು ಜನ ಔಷಧ ನುಂಗಿ ಅದರ ಅಡ್ಡಪರಿಣಾಮಗಳನ್ನೂ ಎದುರಿಸಬೇಕು. ಒಮ್ಮೆಯಾದರೂ ತಾವೇ ಮಾಹಿತಿ ಕಲೆಹಾಕಿ, ಅಧ್ಯಯನದ ನಡುವೆ ಬಿಟ್ಟುಹೋದ ರೋಗಿಗಳನ್ನು ಲೆಕ್ಕದಲ್ಲಿ ಎಲ್ಲಿ ಸೇರಿಸಬೇಕೆಂದು ತಲೆಕೆಡಿಸಿಕೊಂಡವರು ‘ಯಾವುದರ ಅರ್ಧ?’ ಎಂದು ತಟ್ಟನೆ ಕೇಳುತ್ತಾರೆ. ಆದ್ದರಿಂದ ಕಾಲೇಜು ನೋಡಲು ಹೋದಾಗ ಇನ್ನೊಂದನ್ನು ವಿಚಾರಿಸಿ: ಸಂಶೋಧನಾ ಪ್ರಬಂಧಗಳನ್ನು ಓದಿ ಚರ್ಚಿಸುವ ಸಭೆ ಅಲ್ಲಿ ನಿಯಮಿತವಾಗಿ ನಡೆಯುತ್ತದೆಯೇ, ಅದರಲ್ಲಿ ಮೊದಲ ವರ್ಷದವರು ಬಾಯಿಬಿಟ್ಟು ಪ್ರಶ್ನೆ ಕೇಳಬಹುದೇ? ಸಾಧ್ಯವಾದರೆ ಅನುಮತಿ ಪಡೆದು ಅಂಥದೊಂದು ಸಭೆಯಲ್ಲಿ ಕುಳಿತುಬನ್ನಿ.