ಆರ್ಕಿಟೆಕ್ಟ್ ಕೋಡ್ ಮುಟ್ಟಬೇಕು, ಆದರೆ ಯಾವುದನ್ನು?

"ನೀವ್ಯಾಕೆ ಸರ್ ಕೋಡ್ ನೋಡೋದು? ನೀವು ಡಿಸೈನ್ ಹೇಳಿ ಸಾಕು, ಹುಡುಗರು ಬರೀತಾರೆ." ಸಾಫ್ಟ್‌ವೇರ್ ಮಾಡಿಸುವವರು ಈ ಮಾತನ್ನು ಮರ್ಯಾದೆಯಿಂದಲೇ ಹೇಳುತ್ತಾರೆ. ಕೇಳಿ ಕೇಳಿ ನನಗೆ ಸಾಕಾಗಿದೆ.

ಶಿರಸಿಯಲ್ಲಿದ್ದುಕೊಂಡೇ ಕೆಲಸ ಮಾಡುವವನು ನಾನು. ಕೆಲವು ವರ್ಷಗಳ ಹಿಂದೆ ಅಡಿಕೆ ವ್ಯಾಪಾರದ ಒಂದು ಸಂಸ್ಥೆಗೆ ಬಿಲ್ಲಿನ ಸಾಫ್ಟ್‌ವೇರ್ ಮಾಡಿದ್ದೆವು. ಲೆಕ್ಕದ ಫಂಕ್ಷನ್, ಅಂದರೆ ಆ ಒಂದು ಕೆಲಸ ಮಾಡುವ ಕೋಡಿನ ತುಂಡು, ನಾನೇ ಬರೆದದ್ದು, 40 ಸಾಲು. ಆಮೇಲೆ ಆರ್ಕಿಟೆಕ್ಟ್ ಆದೆ, ಅಂದರೆ ಸಾಫ್ಟ್‌ವೇರ್‌ನ ಒಟ್ಟು ಡಿಸೈನ್ ಮಾಡುವವನು. ಮೂರು ವರ್ಷ ಬರೀ ಮೀಟಿಂಗ್, ಡಿಸೈನ್ ಚಿತ್ರ, ಮತ್ತೆ ಮೀಟಿಂಗ್. ನನ್ನ ಚಿತ್ರದಲ್ಲಿ 'ಬಿಲ್ಲಿಂಗ್' ಅಂತ ಒಂದೇ ಚೌಕ.

ಒಂದು ಮಳೆಗಾಲ ಒಬ್ಬ ರೈತರ ಬಿಲ್ಲಿನಲ್ಲಿ ಹಮಾಲಿ ಎರಡು ಸಲ ಕಡಿತವಾಯಿತು. ಹುಡುಕಲು ಕೂತೆ. ಕೋಡನ್ನು ನನ್ನ ಲ್ಯಾಪ್‌ಟಾಪ್‌ನಲ್ಲಿ ಓಡಿಸಲಿಕ್ಕೇ ಅರ್ಧ ದಿನ ಹಿಡಿಯಿತು. ತೆರೆದರೆ ಆ 40 ಸಾಲು 600 ದಾಟಿತ್ತು. ಇಫ್ ಅಂದರೆ 'ಹೀಗಿದ್ದರೆ ಹೀಗೆ ಮಾಡು' ಅನ್ನುವ ಷರತ್ತು. ಚಾಲಿ ದರ್ಜೆಯ ಅಡಿಕೆಗೆ ಒಂದು ಇಫ್, ಕೆಂಪುಗೋಟಿ ದರ್ಜೆಗೆ ಒಂದು, ಸಾಲ ಇದ್ದವರಿಗೆ ಒಂದು, ಜಿಎಸ್‌ಟಿ ಬಂದಾಗ ಇನ್ನಷ್ಟು. ರಾಶಿ ಅನ್ನುವ ದರ್ಜೆಯ ನಿಯಮವೇ ಮೂರು ಕಡೆ. ಬರೆದವರ ಮೇಲೆ ನನಗೆ ಸಿಟ್ಟಿಲ್ಲ. ಒಂದೊಂದು ಇಫ್‌ಗೂ ಅವತ್ತಿನ ಮಟ್ಟಿಗೆ ಕಾರಣ ಇತ್ತು. ಆದರೆ ನನ್ನ ಚಿತ್ರದ ಚೌಕ ಹಾಗೇ ಇತ್ತು ನೋಡಿ!

ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಒಂದರ ಕೆಳಗೊಂದು 10 ಇಫ್ ಇವೆ ಅಂದುಕೊಳ್ಳಿ. ಒಂದಕ್ಕೊಂದು ಸಂಬಂಧ ಇಲ್ಲ. ಪ್ರತಿಯೊಂದರಲ್ಲೂ ಹೌದು ಅಥವಾ ಅಲ್ಲ. ಹಾಗಾದರೆ ಕೋಡ್ ಹಾದು ಹೋಗಬಹುದಾದ ದಾರಿ 10 ಅಲ್ಲ, 1024. ಇನ್ನೊಂದು ಇಫ್ ಸೇರಿಸಿದರೆ 2048. "ಒಂದೇ ಒಂದು ಕಂಡಿಷನ್ ಸರ್" ಅನ್ನುವಾಗ ಯಾರಿಗೂ ಇದು ಹೊಳೆಯುವುದಿಲ್ಲ. ಕೋಡ್ ಎಷ್ಟು ಸಿಕ್ಕುಸಿಕ್ಕಾಗಿದೆ ಅಂತ ತಿಳಿಯಲು 1976ರಲ್ಲಿ ಥಾಮಸ್ ಮೆಕ್‌ಕೇಬ್ ಎಂಬ ಅಮೆರಿಕದ ಕಂಪ್ಯೂಟರ್ ತಜ್ಞರು ಒಂದು ಸರಳ ಅಳತೆ ಕೊಟ್ಟರು. ಫಂಕ್ಷನ್ ಒಳಗಿನ ಕವಲುಗಳನ್ನು ಎಣಿಸಿ, ಒಂದು ಕೂಡಿಸಿ. 10 ದಾಟಿದರೆ ಒಡೆಯುವ ಯೋಚನೆ ಮಾಡಿ ಅಂದರು. ಅದನ್ನೇ ಕಾನೂನು ಮಾಡಿಕೊಳ್ಳಬೇಡಿ. ತಿಂಗಳ ಹೆಸರು ಕೊಡುವ ಫಂಕ್ಷನ್‌ನಲ್ಲಿ 12 ಕವಲಿದ್ದರೂ ಓದಲು ಏನೂ ಕಷ್ಟವಿಲ್ಲ. ಅದಕ್ಕೇ ಅಳತೆಯ ಜೊತೆ ಕಣ್ಣೂ ಬೇಕು.

ಅಡಿಕೆಯಲ್ಲಿ ಇಷ್ಟೊಂದು ದರ್ಜೆ ಇರುವುದು ವ್ಯಾಪಾರದ ಗುಣ. ಅದನ್ನು ನಾವು ಕಡಿಮೆ ಮಾಡಲಿಕ್ಕಾಗದು. ಅದೇ ನಿಯಮವನ್ನು ಮೂರು ಕಡೆ ಬರೆದದ್ದು ಮಾತ್ರ ನಾವೇ ಮಾಡಿಕೊಂಡದ್ದು. ಯಾವುದು ವ್ಯಾಪಾರದ್ದು, ಯಾವುದು ನಾವೇ ತಂದದ್ದು ಅಂತ ಕೋಡ್ ಓದದೆ ತಿಳಿಯುವುದಿಲ್ಲ. ನಾವು ಕಡಿತದ ನಿಯಮಗಳನ್ನು ಫಂಕ್ಷನ್‌ನಿಂದ ತೆಗೆದು ಒಂದು ಟೇಬಲ್‌ಗೆ ಹಾಕಿದೆವು. ದರ್ಜೆಗೊಂದು ಸಾಲು. ಮುಕ್ಕಾಲು ಪಾಲು ಇಫ್ ಹೋದವು.

ಹಾಗಂತ ಮುಖ್ಯ ಕೆಲಸವನ್ನೆಲ್ಲ ಆರ್ಕಿಟೆಕ್ಟ್ ಎಳೆದುಕೊಳ್ಳಬಾರದು. ಎಷ್ಟು ಹೇಳಿದರೂ ಕೆಲವರು ಇದನ್ನೇ ಮಾಡುತ್ತಾರೆ. ನೀವು ಮೀಟಿಂಗ್‌ನಲ್ಲಿ ಸಿಕ್ಕಿಹಾಕಿಕೊಂಡರೆ ಇಡೀ ತಂಡ ನಿಮಗೆ ಕಾಯಬೇಕು, ಅಲ್ವಾ? ಎರಡು ದಿನ ತಡವಾದರೂ ಯಾರ ಕೆಲಸವೂ ನಿಲ್ಲದಂಥದ್ದನ್ನು ನಾನು ಆರಿಸಿಕೊಳ್ಳುತ್ತೇನೆ. ಸಣ್ಣ ಬಗ್ (ಕೋಡಿನ ತಪ್ಪು), ಯಾರೂ ಬರೆಯದೆ ಬಿಟ್ಟ ಟೆಸ್ಟ್, ನಿಧಾನವಾದ ಬಿಲ್ಡ್ (ಕೋಡನ್ನು ಓಡುವ ಸಾಫ್ಟ್‌ವೇರ್ ಆಗಿಸುವ ಹಂತ). ಬಗ್ ನಿಮ್ಮನ್ನು ಚಿತ್ರದಲ್ಲಿಲ್ಲದ ಮೂಲೆಗೇ ಕರೆದುಕೊಂಡು ಹೋಗುತ್ತದೆ. ದೊಡ್ಡ ತಂಡದಲ್ಲಿ ಎಲ್ಲವನ್ನೂ ಓದಲಾಗುವುದಿಲ್ಲ, ನಿಜ. ಕೋಡಿನ ಬದಲಾವಣೆಗಳನ್ನು ದಾಖಲಿಸಿಡುವ ಗಿಟ್‌ನ ಹಳೆಯ ದಾಖಲೆ ತೆಗೆದು ಜಾಸ್ತಿ ಸಲ ಬದಲಾದ ಫೈಲ್ ಯಾವುದು ನೋಡಿ. ಅದರಲ್ಲಿ ಇಫ್ ಕೂಡ ಜಾಸ್ತಿ ಇದ್ದರೆ ಅಲ್ಲಿಂದ ಶುರು ಮಾಡಿ. ವರ್ಷಗಟ್ಟಲೆ ಯಾರೂ ಮುಟ್ಟದ, ಸರಿಯಾಗಿ ಓಡುತ್ತಿರುವ ಹಳೇ ಕೋಡನ್ನು ಸುಮ್ನೆ ಕೆದಕಬೇಡಿ.

ಈಗ ನನಗೆ ಬುಧವಾರ ಬೆಳಿಗ್ಗೆ ಮೀಟಿಂಗ್ ಇಲ್ಲ. ಮಳೆಗಾಲದಲ್ಲಿ ಕರೆಂಟ್ ಹೋಗುವ ಮುಂಚೆ ಎರಡು ತಾಸು ಸಿಕ್ಕರೂ ಸಾಕು. ಕಳೆದ ವಾರ ತೂಕದ ಲೆಕ್ಕದಲ್ಲೊಂದು ಬಗ್ ಸರಿಮಾಡಿ ತಂಡದವರು ನೋಡಲಿ ಅಂತ ಕಳಿಸಿದೆ. ನಮ್ಮ ತಂಡದಲ್ಲಿ ಕಾಲೇಜು ಮುಗಿಸಿ ಈ ವರ್ಷವಷ್ಟೇ ಸೇರಿದ ಹುಡುಗಿ ಅದನ್ನು ವಾಪಸ್ ಕಳಿಸಿದಳು. "ಸರ್, ಚೀಲದ ತೂಕ ಕಳೆಯೋದು ಟೇಬಲ್‌ನಲ್ಲೇ ಇದೆ. ನೀವು ಇಲ್ಲಿ ಮತ್ತೆ ಇಫ್ ಹಾಕಿದ್ದೀರಿ." ಅವಳು ಹೇಳಿದ್ದು ಸರಿಯಿತ್ತು. ನನಗೆ ಬಹಳ ಖುಷಿಯಾಯಿತು. ಆ ಇಫ್ ತೆಗೆದು ಮತ್ತೆ ಕಳಿಸಿದೆ.