ಬಟನ್ ಒತ್ತಿದರೆ ಕಥೆ ನಿಜಕ್ಕೂ ಬದಲಾಗುತ್ತದೆಯೇ?

ಪ್ರಶ್ನೆ: ‘ಬ್ಯಾಂಡರ್‌ಸ್ನ್ಯಾಚ್’ನಂಥ ಇಂಟರ್‌ಆ್ಯಕ್ಟಿವ್ (ಮುಂದೇನಾಗಬೇಕೆಂದು ನೋಡುಗರೇ ಆರಿಸುವ) ಸಿನಿಮಾದಲ್ಲಿ ನಾವು ಒತ್ತಿದ ಹಾಗೆ ಕಥೆ ತಿರುಗುತ್ತದೆಯೋ, ಬರೀ ಕಣ್ಕಟ್ಟೋ? ಕಣ್ಕಟ್ಟಾದರೆ ಅದರಲ್ಲೇನು ಮಜಾ?

ಉತ್ತರ: ಬಹುಪಾಲು ಕಣ್ಕಟ್ಟೇ. ಲೆಕ್ಕ ಹಾಕಿ ನೋಡಿ. ಐದು ಸಲ ಎರಡೆರಡು ಆಯ್ಕೆ ಕೊಟ್ಟು ಪ್ರತಿ ಕವಲನ್ನೂ ಬೇರೆಯಾಗಿಯೇ ಬೆಳೆಸಿದರೆ 63 ದೃಶ್ಯ ತೆಗೆಯಬೇಕು, 32 ಅಂತ್ಯ ಬರೆಯಬೇಕು. ಒಬ್ಬ ಪ್ರೇಕ್ಷಕನಿಗೆ ಕಾಣುವುದು ಆರೇ ದೃಶ್ಯ. ಅದಕ್ಕೇ ಕವಲುಗಳನ್ನು ಒಂದೊಂದು ದೃಶ್ಯ ಓಡಿಸಿ ಮತ್ತೆ ಮುಖ್ಯ ಕಥೆಯ ಹೆದ್ದಾರಿಗೆ ಸೇರಿಸಿಬಿಡುತ್ತಾರೆ. ಆಗ ಮೊದಲ ದೃಶ್ಯ ಒಂದು, ಪ್ರತಿ ಆಯ್ಕೆಗೆ ಎರಡು ಕವಲು, ಅವು ಕೂಡುವ ದೃಶ್ಯ ಒಂದು, ಒಟ್ಟು 16 ದೃಶ್ಯ ಸಾಕು.

ಉಪಾಯ ಹಳೆಯದು. 1967ರ ಮಾಂಟ್ರಿಯಲ್ ಎಕ್ಸ್‌ಪೋದಲ್ಲಿ (ವಿಶ್ವ ವಸ್ತುಪ್ರದರ್ಶನ) ಜೆಕೊಸ್ಲೊವಾಕಿಯಾದ ರಾದೂಜ್ ಚಿಂಚೆರಾ ಅವರ ‘ಕಿನೊಆಟೊಮಾಟ್’ ಎಂಬ ಚಿತ್ರದ ಪ್ರದರ್ಶನವಿತ್ತು. ಪ್ರತಿ ಸೀಟಿಗೂ ಕೆಂಪು, ಹಸಿರು ಬಟನ್. ಚಿತ್ರ ನಿಲ್ಲಿಸಿ ನಿರೂಪಕ ಮತ ಕೇಳುತ್ತಿದ್ದ. ಜನ ಏನೇ ಒತ್ತಲಿ, ಎರಡೂ ದಾರಿ ಮುಂದಿನ ಪ್ರಶ್ನೆಗೇ ಬಂದು ಕೂಡುತ್ತಿದ್ದವು. ಕೊನೆಗೆ ಕಥೆಯಲ್ಲಿನ ಕಟ್ಟಡಕ್ಕೆ ಬೆಂಕಿ ಬೀಳುವುದು ಮಾತ್ರ ತಪ್ಪುತ್ತಿರಲಿಲ್ಲ!

ಹಾಗಾದರೆ ಸೆಳೆತ ಎಲ್ಲಿದೆ? ಕಥೆ ನಮ್ಮ ಆಯ್ಕೆಯನ್ನು ನೆನಪಿಟ್ಟುಕೊಳ್ಳುವುದರಲ್ಲಿ. 2018ರ ಡಿಸೆಂಬರ್ 28ರಂದು ನೆಟ್‌ಫ್ಲಿಕ್ಸ್‌ಗೆ ಬಂದ ‘ಬ್ಯಾಂಡರ್‌ಸ್ನ್ಯಾಚ್’ನ ಮೊದಲ ಪ್ರಶ್ನೆ ತೀರಾ ಸಣ್ಣದು: ಕಥಾನಾಯಕನಾದ ಹುಡುಗ ಬೆಳಗಿನ ತಿಂಡಿಗೆ ಯಾವ ಸೀರಿಯಲ್ (ಹಾಲಿಗೆ ಹಾಕಿಕೊಳ್ಳುವ ಧಾನ್ಯದ ತಿನಿಸು) ತಿನ್ನಬೇಕು? ಉತ್ತರಕ್ಕೆ 10 ಸೆಕೆಂಡು. ಇದರಿಂದ ಕಥೆ ಕೂದಲೆಳೆಯಷ್ಟೂ ತಿರುಗುವುದಿಲ್ಲ. ಆದರೆ ಮುಂದೊಮ್ಮೆ ಟಿವಿಯಲ್ಲಿ ನಾವು ಆರಿಸಿದ ಆ ತಿನಿಸಿನ ಜಾಹೀರಾತೇ ಬರುತ್ತದೆ. ಅಲ್ಲಿಗೆ ಪ್ರೇಕ್ಷಕ ಸಿಕ್ಕಿಬಿದ್ದ. ಮುಂದೆ ಕಂಪ್ಯೂಟರ್ ಮೇಲೆ ಚಹಾ ಸುರಿಯಬೇಕೋ, ಅಪ್ಪನ ಮೇಲೆ ಕೂಗಾಡಬೇಕೋ ಎಂದು ಕೇಳಿದಾಗ ಬೆರಳು ತಡವರಿಸುತ್ತದೆ, ಏಕೆಂದರೆ ತಪ್ಪು ಈಗ ಹುಡುಗನದಲ್ಲ, ನಮ್ಮದು. ನಮ್ಮ ಮಟ್ಟಿಗೆ ಐದಾರು ಅಂತ್ಯಗಳಿಗಿಂತ ಈ ತಡವರಿಕೆಯೇ ದೊಡ್ಡದು.

ತಾಂತ್ರಿಕ ಬೆಲೆಯೂ ಇದೆ. ಚಿತ್ರ ಕ್ಷಣವೂ ನಿಲ್ಲಬಾರದೆಂದರೆ ಎರಡೂ ಕವಲು ಮೊದಲೇ ಲೋಡ್ ಆಗಿರಬೇಕು. ಹಳೆಯ ಟಿವಿ, ಸೆಟ್‌ಟಾಪ್ ಬಾಕ್ಸ್‌ಗಳಿಗೆ ಅದು ಆಗಲಿಲ್ಲ. ಏನೂ ಒತ್ತದೆ ಸುಮ್ಮನೆ ಕೂತರೆ ಯಂತ್ರವೇ ಒಂದನ್ನು ಆರಿಸಿ ಮುಂದೆ ಹೋಗುತ್ತಿತ್ತು. 2025ರಲ್ಲಿ ನೆಟ್‌ಫ್ಲಿಕ್ಸ್ ‘ಬ್ಯಾಂಡರ್‌ಸ್ನ್ಯಾಚ್’ ಚಿತ್ರವನ್ನೇ ತೆಗೆದುಹಾಕಿತು.

ಇಂಥ ಕವಲು ಕಥೆಯನ್ನು ನೀವೇ ಬರೆದು ನೋಡಬೇಕೆಂದರೆ ‘ಟ್ವೈನ್’ ಎಂಬ ಸಾಫ್ಟ್‌ವೇರ್ ಇದೆ. ಉಚಿತ, ಬ್ರೌಸರಿನಲ್ಲೇ ನಡೆಯುತ್ತದೆ, ಕನ್ನಡದಲ್ಲೂ ಟೈಪ್ ಮಾಡಬಹುದು. ಮೂರೇ ಆಯ್ಕೆಯಿಂದ ಶುರುಮಾಡಿ. ಮೊದಲನೆಯದು ಕ್ಷುಲ್ಲಕವಾಗಿರಲಿ: ನಾಯಕಿ ಕೊಡೆ ಹಿಡಿದು ಹೊರಟಳೋ, ಬಿಟ್ಟು ಹೊರಟಳೋ? ಉತ್ತರವನ್ನು ಒಂದು ವೇರಿಯಬಲ್‌ನಲ್ಲಿ (ಉತ್ತರ ನೆನಪಿಟ್ಟುಕೊಳ್ಳುವ ಹೆಸರಿಟ್ಟ ಖಾನೆ) ಹಾಕಿಡಿ. ಎರಡೂ ದಾರಿ ಒಂದೇ ಬಸ್‌ಸ್ಟಾಪಿಗೆ ಬರಲಿ. ಮೂರನೇ ದೃಶ್ಯದಲ್ಲಿ ಮಳೆ ಬಂದಾಗ ಆ ವೇರಿಯಬಲ್ ನೋಡಿ ಒಂದೇ ಒಂದು ವಾಕ್ಯ ಬದಲಿಸಿ. ಹೊಸಬರು ಎಡವುವುದು ಇಲ್ಲೇ: ಕೊಡೆ ಬಿಟ್ಟು ಹೊರಟವಳು ಬಸ್ ಹತ್ತುವಾಗ ಕೊಡೆ ಮಡಚುತ್ತಿರುತ್ತಾಳೆ. ಆದ್ದರಿಂದ ದಾರಿಗಳು ಕೂಡಿದ ನಂತರದ ಪ್ರತಿ ದೃಶ್ಯವನ್ನೂ ಎರಡು ಸಲ ಓದಿ, ಒಮ್ಮೆ ಕೊಡೆ ಇದ್ದವಳಾಗಿ, ಒಮ್ಮೆ ಇಲ್ಲದವಳಾಗಿ.